ಮೃತರ ಆಸ್ತಿಯ ನಿರ್ವಹಣೆಯೂ ನ್ಯಾಯಾಲಯದ ನಿರ್ದೇಶವೂ

ಮನೆಯ ಹಿರಿಯನು ಕಾಲವಾದ ತರುವಾಯ ಅವನ ಹೊಲಮನೆ, ಸಾಲ, ಠೇವಣಿಗಳ ಭಾರವನ್ನು ಹೊತ್ತವನು, ಸಂಶಯ ಬಂದೊಡನೆ ನ್ಯಾಯಾಲಯವನ್ನು ಕೇಳಿದರೆ ಅದು ಮನೆತನದ ಮಾನಕ್ಕೆ ಕುಂದೆಂಬ ಭಾವನೆ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿ ಇಂದಿಗೂ ಬಲವಾಗಿದೆ. ಕೋರ್ಟಿನ ಮೆಟ್ಟಿಲು ಹತ್ತಿದರೆಂದರೆ ಅಣ್ಣತಮ್ಮಂದಿರು ಕಾದಾಡಿದರೆಂದೇ ಊರವರು ಬಗೆಯುತ್ತಾರೆ. ಆದರೆ ಕಲಹ ಹುಟ್ಟುವ ಮುನ್ನವೇ ಕೇಳಿ ನಡೆಯುವುದು ಪ್ರಾಮಾಣಿಕ ನಿರ್ವಾಹಕನ ಹಕ್ಕೂ ಹೌದು, ಅನೇಕ ವೇಳೆ ಕರ್ತವ್ಯವೂ ಹೌದೆಂದು ನಾನು ನಂಬಿದ್ದೇನೆ.

ನಾಡಕಚೇರಿಯಿಂದ ವಂಶವೃಕ್ಷ ತಂದು, ಪೌತಿ ಖಾತೆ ಮಾಡಿಸಿ, ಪಹಣಿಯಲ್ಲಿ ಹೆಸರು ಕೂತಿತೆಂದರೆ ನಮ್ಮವರು ನಿಶ್ಚಿಂತರಾಗುತ್ತಾರೆ. ಆದರೆ ಖಾತೆಯ ಬದಲಾವಣೆ ಕಂದಾಯದ ಲೆಕ್ಕಕ್ಕೆ ಸೇರಿದ್ದೇ ಹೊರತು ಸ್ವಾಮ್ಯವನ್ನು ಹುಟ್ಟಿಸತಕ್ಕದ್ದಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಮತ್ತೆ ಮತ್ತೆ ಹೇಳಿದೆ. ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ತೀರಿಕೊಂಡವನ ಬ್ಯಾಂಕ್ ಠೇವಣಿಗೆ ನಾಮಿನಿಯಾದವನೂ ಹಣವನ್ನು ಪಡೆಯಲು ಅಧಿಕಾರಿಯೇ ವಿನಾ ಅದರ ಒಡೆಯನಲ್ಲ. ಹೀಗೆ ಯಾರಿಗೆ ಏನು ಸಲ್ಲಬೇಕೆಂಬ ಪ್ರಶ್ನೆ ಉಳಿದೇ ಇರುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಗದ್ದೆಯಿದ್ದ ರೈತನೊಬ್ಬನು ಮೃತ್ಯುಪತ್ರ ಬರೆದು, ನಿರ್ವಾಹಕನನ್ನು ನೇಮಿಸಿ ಗತಿಸಿದನೆನ್ನೋಣ. ಭತ್ತ ಕಟಾವಾಗಿ ಚೀಲಗಳಲ್ಲಿ ತುಂಬಿದೆ. ಗೊಬ್ಬರದ ಅಂಗಡಿಗೆ, ದಲಾಲಿಗೆ, ಸಹಕಾರ ಸಂಘಕ್ಕೆ ಬಾಕಿಯಿದೆ. ಸಂಬಳದಾಳು ಬಾಗಿಲಲ್ಲಿ ನಿಂತಿದ್ದಾನೆ. ಮೊದಲು ಬಂದು ಗದರಿದವನು ದಲಾಲಿಯೆಂಬ ಕಾರಣಕ್ಕೆ ಭತ್ತ ಮಾರಿದ ಹಣವನ್ನೆಲ್ಲ ಅವನಿಗೇ ಸಲ್ಲಿಸಬಹುದೇ? 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವು ಇದಕ್ಕೊಂದು ಕ್ರಮವನ್ನು ವಿಧಿಸಿದೆ: ಅಂತ್ಯಕ್ರಿಯೆ ಮತ್ತು ಕಡೆಗಾಲದ ಚಿಕಿತ್ಸೆಯ ವೆಚ್ಚ ಮೊದಲು, ಆಮೇಲೆ ಪ್ರೊಬೇಟಿನ (ಮೃತ್ಯುಪತ್ರಕ್ಕೆ ನ್ಯಾಯಾಲಯ ಕೊಡುವ ದೃಢೀಕರಣದ) ವೆಚ್ಚ, ಅನಂತರ ಮರಣದ ಹಿಂದಿನ ಮೂರು ತಿಂಗಳೊಳಗೆ ದುಡಿದ ಆಳಿನ ಕೂಲಿ, ತದನಂತರ ಮಿಕ್ಕ ಸಾಲಗಳು, ಅವೂ ಸಮಪ್ರಮಾಣದಲ್ಲಿ. ಮೃತನು ಮೃತ್ಯುಪತ್ರದಲ್ಲಿ ಬಿಟ್ಟುಹೋದ ಕೊಡುಗೆಗಳ ಸರದಿ ಇವೆಲ್ಲ ತೀರಿದ ಮೇಲೆ. ಆಸ್ತಿಯನ್ನು ಅಕ್ರಮವಾಗಿ ವ್ಯಯಿಸಿ ನಷ್ಟವುಂಟುಮಾಡಿದ ನಿರ್ವಾಹಕನು ಅದನ್ನು ಸ್ವಂತ ಗಂಟಿನಿಂದ ತುಂಬಿಕೊಡಬೇಕಾಗುತ್ತದೆ. ಇಂಥ ಇಕ್ಕಟ್ಟಿಗೆಂದೇ ಅದೇ ಅಧಿನಿಯಮದ 302ನೆಯ ಕಲಮು, ಪ್ರೊಬೇಟನ್ನಾಗಲಿ, ಆಸ್ತಿಯ ನಿರ್ವಹಣೆಗೆ ನ್ಯಾಯಾಲಯ ಕೊಡುವ ಆಡಳಿತಪತ್ರವನ್ನಾಗಲಿ ಪಡೆದವನು ಅರ್ಜಿ ಹಾಕಿಕೊಂಡಲ್ಲಿ ಅವನಿಗೆ ನಿರ್ದೇಶ ಕೊಡುವ ಅಧಿಕಾರವನ್ನು ಉಚ್ಚ ನ್ಯಾಯಾಲಯಕ್ಕೆ ಇತ್ತಿದೆ.

ಊರ ಹಿರಿಯರಿರುವಾಗ ಕೋರ್ಟೇಕೆಂದು ಕೇಳುವವರುಂಟು. ಪಂಚರ ಮಾತು ಒಡೆಯಲಿದ್ದ ಎಷ್ಟೋ ಮನೆಗಳನ್ನು ಉಳಿಸಿದೆ. ಅದನ್ನು ಹಗುರವಾಗಿ ಕಾಣಲಾರೆ. ಆದರೆ ಆ ಮಾತು ಸಾಲ ಕೊಟ್ಟ ಹೊರಗಿನವನನ್ನು ಕಟ್ಟಿಹಾಕದು, ಅಪ್ರಾಪ್ತ ಮಗುವನ್ನಂತೂ ಕಟ್ಟಿಹಾಕಲೇ ಆರದು. ತಂದೆಯ ಸ್ವಯಾರ್ಜಿತ ಹೊಲದಲ್ಲಿ ಮಗುವಿಗೆ ಬಂದ ಪಾಲನ್ನು ತಾಯಿಯು ಕೋರ್ಟಿನ ಅನುಮತಿಯಿಲ್ಲದೆ ಮಾರಿದರೆ, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದ ಪ್ರಕಾರ ಆ ಮಗು ಮುಂದೆ ಕ್ರಯವನ್ನು ರದ್ದುಪಡಿಸಬಹುದು. ಪಂಚರೆಲ್ಲರೂ ಸಾಕ್ಷಿ ಹಾಕಿದ್ದರೂ ಕೊಂಡವನ ಹಣಕ್ಕೆ ಭದ್ರತೆಯಿಲ್ಲ.

ದಾರಿಯ ದೂರವೇ ನಿಜವಾದ ತೊಡಕು. 2008ರಲ್ಲಿ ಕಲಬುರಗಿಗೆ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಆದದ್ದರಿಂದ ಬೆಂಗಳೂರಿನ ಪ್ರಯಾಣವೇನೋ ತಪ್ಪಿತು. ಆದರೂ ಭತ್ತದ ಹಣ ಯಾರಿಗೆ ಮೊದಲು ಎಂಬೊಂದು ಪ್ರಶ್ನೆ ಹೊತ್ತು ಮಸ್ಕಿಯವನು ಕಲಬುರಗಿಗೆ ಹೋಗಿ ವಕೀಲರನ್ನಿಡುವುದು ಸುಲಭವಲ್ಲ. 1882ರ ಟ್ರಸ್ಟ್ ಅಧಿನಿಯಮದ 34ನೆಯ ಕಲಮಾದರೋ, ಟ್ರಸ್ಟಿಯು ದಾವೆಯನ್ನೇ ಹೂಡದೆ, ಬರಿಯ ಅರ್ಜಿಯಿಂದ, ಪ್ರಧಾನ ಸಿವಿಲ್ ನ್ಯಾಯಾಲಯದ ಸಲಹೆ ಬೇಡಲು ಅವಕಾಶ ಕೊಟ್ಟು, ಸಂಗತಿಗಳನ್ನು ಸದ್ಭಾವದಿಂದ ತಿಳಿಸಿ ಆ ಸಲಹೆಯಂತೆ ನಡೆದವನಿಗೆ ರಕ್ಷಣೆಯನ್ನೂ ಒದಗಿಸಿದೆ. ಟ್ರಸ್ಟಿಗೆ ಸಲ್ಲುವ ಈ ಸೌಕರ್ಯ ಮೃತ್ಯುಪತ್ರದ ನಿರ್ವಾಹಕನಿಗೇಕೆ ಸಲ್ಲಬಾರದು? ಪ್ರೊಬೇಟು ಕೊಟ್ಟು, ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ವರ್ಷದೊಳಗೆ ಲೆಕ್ಕವನ್ನೂ ಒಪ್ಪಿಸಿಕೊಳ್ಳುವ ರಾಯಚೂರಿನ ಜಿಲ್ಲಾ ನ್ಯಾಯಾಧೀಶರಿಗೇ, ಆ ಆಸ್ತಿಯನ್ನು ಕುರಿತ ಪ್ರಶ್ನೆಗಳಿಗೆ ನಿರ್ದೇಶ ಕೊಡುವ ಅಧಿಕಾರವನ್ನೂ ಶಾಸನವು ಸ್ಪಷ್ಟವಾಗಿ ವಹಿಸಿಕೊಡಬೇಕು.