ಅಸ್ಥಿಮಜ್ಜೆಯ ಕಸಿಗೊಳಗಾಗುವ ರೋಗಿಗಳ ಪರವಾಗಿ ಮನವಿ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು – ಇವರ ಸನ್ನಿಧಿಗೆ

ವಿಷಯ: ಕಸಿಗೆ ಮುಂಚಿನ ದಾನಿಯ ಶೋಧನೆಗೂ ಅನಂತರದ ಪಾಲನೆಗೂ ಸರ್ಕಾರದ ನೆರವನ್ನು ಕೋರಿ.

ಮಾನ್ಯರೇ,

ರಕ್ತದ ಕ್ಯಾನ್ಸರಿನಿಂದ ಪೀಡಿತರಾದವರ ಬಂಧುಗಳಾದ ನಾವು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಮ್ಮ ದೇಶದ ಮೊದಲ ಅಸ್ಥಿಮಜ್ಜೆಯ ಕಸಿ ನೆರವೇರಿದಂದಿನಿಂದ ಈ ವಿದ್ಯೆ ಬಹುದೂರ ಸಾಗಿ ಬಂದಿದ್ದು, ಅದರಲ್ಲಿ ಪರಿಣತರಾದ ವೈದ್ಯರು ಇಂದು ಬೆಂಗಳೂರಿನಲ್ಲಿಯೇ ದೊರೆಯುವುದು ನಾಡಿನ ಭಾಗ್ಯವೇ ಸರಿ. ಕಸಿಯೆಂದೊಡನೆ ಜನರು ಘೋರವಾದ ಶಸ್ತ್ರಕ್ರಿಯೆಯೊಂದನ್ನು ಕಲ್ಪಿಸಿಕೊಳ್ಳುವರಾದರೂ, ದಾನಿಯ ಆಕರಕೋಶಗಳು ರೋಗಿಯ ಶರೀರವನ್ನು ಸೇರುವುದು ರಕ್ತ ಏರಿಸಿದಷ್ಟೇ ಸರಳವಾಗಿ, ಕೆಲವೇ ಗಂಟೆಗಳಲ್ಲಿ. ಸಂಸಾರಗಳು ಸೋತುಹೋಗುವುದು ಅದರ ಹಿಂದಿನ ಮತ್ತು ಮುಂದಿನ ದಿನಗಳಲ್ಲಿ.

ಒಡಹುಟ್ಟಿದವರಲ್ಲಿ ಒಬ್ಬೊಬ್ಬರದೂ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಮನೆಗೆ ಒಂದೋ ಎರಡೋ ಮಕ್ಕಳಿರುವ ಈ ಕಾಲದಲ್ಲಿ ಅದು ದುರ್ಲಭ. ತಂದೆತಾಯಿಗಳ ಅರ್ಧ ಹೊಂದಾಣಿಕೆಯ ಮಜ್ಜೆಯನ್ನು ಬಳಸುವ ಕ್ರಮ ಇಂದು ರೂಢಿಗೆ ಬಂದಿದೆಯಾದರೂ ಅದು ಎಲ್ಲರಿಗೂ ಒದಗುವಂಥದಲ್ಲ. ಹೊರಗಿನ ದಾನಿಯನ್ನು ಅರಸುವವರಿಗೆ ಹೊಂದಾಣಿಕೆ ದೊರೆಯುವ ಸಂಭವ ಸ್ವಜನರ ನಡುವೆಯೇ ಹೆಚ್ಚಾದುದರಿಂದ, ದಾನಿಗಳ ನೋಂದಣಿಯಲ್ಲಿ ನಮ್ಮ ಜಿಲ್ಲೆಗಳವರ ಹೆಸರುಗಳು ಬೆಳೆಯದ ಹೊರತು ಕನ್ನಡಿಗ ರೋಗಿಗೆ ಗತಿಯಿಲ್ಲ. ಬೆನ್ನುಮೂಳೆಯನ್ನೇ ಕೊರೆಯುವರೆಂದೂ, ಕೊಟ್ಟವನು ಜೀವಮಾನವಿಡೀ ನಿಶ್ಶಕ್ತನಾಗುವನೆಂದೂ ಹಬ್ಬಿರುವ ಭೀತಿ ವಿದ್ಯಾವಂತರಲ್ಲಿಯೂ ಕಡಿಮೆಯಿಲ್ಲ. ವಾಸ್ತವವಾಗಿ ಹೆಸರು ನೋಂದಾಯಿಸಲು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿದರೆ ಸಾಕು. ಮುಂದೆ ದಾನದ ಸಂದರ್ಭ ಬಂದರೂ, ನಾಲ್ಕೈದು ದಿನ ಸೂಜಿಮದ್ದು ಪಡೆದ ಬಳಿಕ ತೋಳಿನ ರಕ್ತನಾಳದಿಂದಲೇ ಯಂತ್ರದ ಮೂಲಕ ಕೋಶಗಳನ್ನು ಸಂಗ್ರಹಿಸುವುದು ಈಗಿನ ಸಾಮಾನ್ಯ ಪದ್ಧತಿ. ಆದುದರಿಂದ ಜಿಲ್ಲಾಸ್ಪತ್ರೆಗಳಲ್ಲಿಯೂ ಕಾಲೇಜುಗಳಲ್ಲಿಯೂ ನೋಂದಣಿ ಶಿಬಿರಗಳನ್ನು ನಡೆಸಬೇಕೆಂದೂ, ಹೊಂದಾಣಿಕೆಯ ಪರೀಕ್ಷೆಯ ವೆಚ್ಚವನ್ನು ಸರ್ಕಾರವೇ ಭರಿಸಬೇಕೆಂದೂ ಪ್ರಾರ್ಥಿಸುತ್ತೇವೆ.

ಕಸಿಯ ತರುವಾಯ ಸುಮಾರು ನೂರು ದಿನ ರೋಗಿ ಆಸ್ಪತ್ರೆಯ ಸಮೀಪದಲ್ಲಿಯೇ ಇರಬೇಕಾಗುತ್ತದೆ. ರಾಯಚೂರಿನಿಂದಲೋ ಬೀದರಿನಿಂದಲೋ ಬಂದ ಕೂಲಿಕಾರನೊಬ್ಬನು, ಊರಿನ ದುಡಿಮೆಯನ್ನು ತೊರೆದು, ಸೋಂಕು ತಗಲದಂಥ ಶುಚಿಯಾದ ಕೋಣೆಯನ್ನು ಈ ನಗರದಲ್ಲಿ ಬಾಡಿಗೆಗೆ ಹಿಡಿದು, ಮಗುವಿಗೆ ಪಥ್ಯದ ಅಡಿಗೆ ಮಾಡಿಸಿ, ವಾರವಾರವೂ ಪರೀಕ್ಷೆಗೆ ಕರೆತರುವುದು ಹೇಗೆಂಬುದನ್ನು ತಾವೇ ಪರಾಂಬರಿಸಬೇಕು. ಇದರ ಮೇಲೆ ಪ್ಲೇಟ್‌ಲೆಟ್ಟುಗಳ ಚಿಂತೆ: ಐದು ದಿನಕ್ಕಿಂತ ಹೆಚ್ಚು ಕಾಲ ಸಾಮಾನ್ಯವಾಗಿ ಕೆಡದೆ ಉಳಿಯದ ಅವನ್ನು ವಿಕಿರಣಕ್ಕೆ ಒಡ್ಡಿದ ಮೇಲೆಯೇ ಇಂಥ ರೋಗಿಗಳಿಗೆ ಕೊಡಬೇಕಾದುದರಿಂದ, ಊರಿಗೆ ಮರಳಿದವನಿಗೆ ರಕ್ತ ಬೇಕಾದರೆ ಮತ್ತೆ ರಾಜಧಾನಿಯ ಹಾದಿ ಹಿಡಿಯದೆ ವಿಧಿಯಿಲ್ಲದಂತಾಗುತ್ತದೆ. ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ರಕ್ಷಣೆಯೂ ಕಸಿಯಿಂದ ಬಹುಮಟ್ಟಿಗೆ ನಶಿಸುವುದರಿಂದ, ವಯಸ್ಕನೂ ಶಿಶುವಿನಂತೆ ಅವನ್ನು ಮೊದಲಿನಿಂದ ಹಾಕಿಸಿಕೊಳ್ಳಬೇಕು.

ಆಸ್ಪತ್ರೆಗಳ ಸಮೀಪದಲ್ಲಿ ಧರ್ಮಶಾಲೆಗಳನ್ನು ನಿರ್ಮಿಸುವುದು, ಪ್ರತಿಯೊಂದು ವಿಭಾಗದ ಒಂದಾದರೂ ಸರ್ಕಾರಿ ರಕ್ತನಿಧಿಯಲ್ಲಿ ವಿಕಿರಣದ ಯಂತ್ರವಿರಿಸುವುದು, ಕಸಿಯಾದವರ ಔಷಧ ಹಾಗೂ ಲಸಿಕೆಗಳನ್ನು ಜಿಲ್ಲಾಸ್ಪತ್ರೆಯಲ್ಲಿಯೇ ಉಚಿತವಾಗಿ ಕೊಡುವುದು – ಇವು ನಮ್ಮ ಉಳಿದ ಬೇಡಿಕೆಗಳು. ಇವುಗಳಲ್ಲಿ ವಸತಿಯದು ತೀರ ತುರ್ತಾದದ್ದು; ಕಟ್ಟಡ ಏಳುವವರೆಗೆ ಬಾಡಿಗೆಯ ಸಹಾಯಧನವನ್ನಾದರೂ ಮಂಜೂರು ಮಾಡಬೇಕಾಗಿ ತಮ್ಮನ್ನು ಪ್ರಾರ್ಥಿಸುತ್ತೇವೆ.

ಇತಿ ತಮ್ಮ ವಿಧೇಯರು,
ರೋಗಿಗಳ ಬಂಧುಗಳು