ಕಣ್ಣಿಗೆ ಕಾಣುವ ನುಡಿ

ಮಗುವಿಗೆ ಕಿವಿ ಕೇಳಿಸದೆಂದು ತಿಳಿದಾಗ ಹೆತ್ತವರು ಎದೆಗುಂದುವುದು ಸಹಜ. ಶ್ರವಣಯಂತ್ರ, ಶಸ್ತ್ರಚಿಕಿತ್ಸೆ, ಮಾತಿನ ತರಬೇತಿ ಇವೆಲ್ಲವೂ ಬೇಕಾದವುಗಳೇ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ವಾಕ್ ಶ್ರವಣ ಸಂಸ್ಥೆಯು ಈ ದಿಸೆಯಲ್ಲಿ ಸಲ್ಲಿಸಿರುವ ಸೇವೆ ದೊಡ್ಡದು. ಆದರೆ ಅವು ಫಲಿಸುವವರೆಗೆ ಮಗುವಿನ ಮನಸ್ಸು ಕಾದು ಕುಳಿತಿರದು. ಭಾಷೆ ಬೇರೂರುವ ಮೊದಲ ಐದಾರು ವರ್ಷಗಳು ಮೌನದಲ್ಲಿ ಕಳೆದರೆ ಆ ಹಾನಿ ತುಂಬಿಬರುವುದು ಬಹು ಕಷ್ಟ.

ಸನ್ನೆ ಕಲಿಸಿದರೆ ಮಗು ಮಾತು ಕಲಿಯದೆಂಬ ಅಂಜಿಕೆ ಅನೇಕ ಮನೆಗಳಲ್ಲಿದೆ. ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಭಾರತೀಯ ಸಂಜ್ಞಾಭಾಷೆಯು ಕನ್ನಡಕ್ಕಾಗಲಿ ಹಿಂದಿಗಾಗಲಿ ಕೈಯ ಅನುವಾದವಲ್ಲ; ತನ್ನದೇ ವ್ಯಾಕರಣವುಳ್ಳ ಭಾಷೆ. ಏನು, ಎಲ್ಲಿ ಎಂಬ ಪ್ರಶ್ನಪದಗಳು ಅದರಲ್ಲಿ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ. ಹುಬ್ಬು, ಮುಖಭಾವಗಳೂ ಅರ್ಥದ ಅಂಗಗಳೇ. 2015ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ದೃಶ್ಯನಿಘಂಟನ್ನು ಹೊರತಂದಿತು. 2021ರಲ್ಲಿ ಅದು 10,000 ಪದಗಳಿಗೆ ಬೆಳೆಯಿತು. ಮನೆಯಲ್ಲಿಯೇ ಅದನ್ನು ನೋಡಿ ಕಲಿಯಬಹುದು. ಈ ಭಾಷೆಯಲ್ಲಿಯೇ ಬಾಳುತ್ತಿರುವ ಹಿರಿಯರ ಒಡನಾಟ ದೊರೆತರೆ ಇನ್ನೂ ಮೇಲು.

ತಾಯಿಯೊಬ್ಬಳೇ ಕಲಿತರೆ ಆಕೆ ಮನೆಯ ದುಭಾಷಿಯಾಗಿ ದಣಿಯುತ್ತಾಳೆ. ತಂದೆ, ಅಜ್ಜ, ಅಜ್ಜಿ, ಒಡಹುಟ್ಟಿದವರೂ ಕಲಿಯಬೇಕು. ಊಟದ ಪಂಕ್ತಿಯಲ್ಲಿ ಎಲ್ಲರೂ ನಗುವಾಗ ಕಾರಣವರಿಯದೆ ಮುಖ ಮುಖ ನೋಡುವ ಮಗುವಿಗೆ ‘ಆಮೇಲೆ ಹೇಳುತ್ತೇನೆ’ ಎಂಬ ಸಮಾಧಾನ ಸಾಲದು. ಆ ನಗುವಿನಲ್ಲಿ ಅದಕ್ಕೂ ಆಗಲೇ ಪಾಲು ಸಲ್ಲಬೇಕು. ಊಟ, ನೀರು, ನೋವು, ಭಯ ಈ ನಾಲ್ಕು ಸನ್ನೆಗಳಿಂದ ಇಂದೇ ಮೊದಲುಮಾಡಬಹುದು.