ಹೊಸೂರಿನ ಗುಲಾಬಿಯೂ ಪರದೇಶದ ಸುಂಕವೂ

ಹೊಸೂರಿನ ಸುತ್ತಮುತ್ತ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಹೊದಿಕೆಯ ಮನೆಗಳನ್ನು ನೀವೆಲ್ಲರೂ ನೋಡಿದ್ದೀರಿ. ಫೆಬ್ರವರಿ 14 ಹತ್ತಿರ ಬಂತೆಂದರೆ ಈ ಹೂ ವಿಮಾನವೇರಿ ಪರದೇಶಕ್ಕೆ ಹೋಗುತ್ತದೆ. ಅಲ್ಲಿ ಅದಕ್ಕೆ ಸುಂಕ ಕಟ್ಟಬೇಕಾಗುತ್ತದೆಂಬುದು ಎಷ್ಟು ಮಂದಿಗೆ ಗೊತ್ತು?

ಹಿಂದುಳಿದ ದೇಶಗಳ ಸರಕಿಗೆ ಶ್ರೀಮಂತ ದೇಶಗಳು ಸುಂಕ ಇಳಿಸಬೇಕೆಂದು 1968ರಲ್ಲಿ ನಮ್ಮ ದೆಹಲಿಯಲ್ಲೇ ಸೇರಿದ್ದ ವಿಶ್ವಸಂಸ್ಥೆಯ ವಾಣಿಜ್ಯ ಸಮ್ಮೇಳನವು ಒಪ್ಪಿತು. ಯೂರೋಪು 1971ರಲ್ಲಿ, ಅಮೆರಿಕ 1976ರಲ್ಲಿ ಅದನ್ನು ಜಾರಿಗೆ ತಂದವು. ಆದರೆ ಇದು ಹಕ್ಕಲ್ಲ, ಕೊಡುವವರ ಔದಾರ್ಯ. 2019ರ ಜೂನ್ 5ರಂದು ಅಮೆರಿಕವು ಭಾರತದ ರಿಯಾಯಿತಿಯನ್ನು ಹಿಂತೆಗೆದುಕೊಂಡಿತು. ಯೂರೋಪು 2001ರಲ್ಲಿ ಅತಿ ಬಡ ದೇಶಗಳಿಗೆ ಸುಂಕವನ್ನೇ ತೆಗೆದುಹಾಕಿತು. ಇಥಿಯೋಪಿಯದ ಗುಲಾಬಿಯೊಡನೆ ನಮ್ಮ ಗುಲಾಬಿ ಸುಂಕ ತೆತ್ತು ಪೈಪೋಟಿ ನಡೆಸಬೇಕಾಯಿತು. ಅವರು ನಮಗಿಂತಲೂ ಬಡವರು, ಅವರನ್ನು ದೂರುವಂತಿಲ್ಲ.

ನನ್ನ ಚಿಂತೆ ಬೇರೆ. ರಾಗಿಯ ಹೊಲ ಹೂವಿನ ತೋಟವಾದರೆ ಕೊಳವೆ ಬಾವಿಯ ನೀರೂ ತಂದ ಸಾಲವೂ ಅದಕ್ಕೇ ಹೋಗುತ್ತವೆ. ಎಲ್ಲೋ ಕುಳಿತವರ ಒಂದು ಆಜ್ಞೆಯಿಂದ ಬೆಲೆ ಬಿದ್ದರೆ ಗುಲಾಬಿಯನ್ನು ಹಗೇವಿನಲ್ಲಿ ತುಂಬಿಡಲಾದೀತೇ? ಕೃಷ್ಣಗಿರಿಯ ತೋತಾಪುರಿ ಮಾವಾದರೂ ತಿರುಳಾಗಿ ಡಬ್ಬಿಯಲ್ಲಿ ಕಾಯುತ್ತದೆ. ಹೊಲವನ್ನೆಲ್ಲ ಹೂವಿಗೆ ಬಿಡಲು ಹೊರಟಿರುವ ತಂದೆತಾಯಿಗಳು ಅರ್ಧ ಎಕರೆಯನ್ನಾದರೂ ರಾಗಿಗೆ ಉಳಿಸಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.